ಅಪ್ಪಯ್ಯನ ಉಯಿಲಿನ ಎರಡನೇ ಪುಟ

ಉಯಿಲು ಬರೆಯದೆ ತೀರಿಕೊಂಡವರ ಮಕ್ಕಳು ಕೋರ್ಟು ಕಚೇರಿ ಅಲೆಯುವ ಕಥೆ ಎಲ್ಲ ಊರಲ್ಲೂ ಇದೆ. ನಮ್ಮ ಮನೆಯದು ಆ ಕಥೆಯಲ್ಲ. ನಮ್ಮ ಅಪ್ಪಯ್ಯ ಉಯಿಲು ಬರೆದಿದ್ದರು. ಒಳ್ಳೆಯ ವಕೀಲರ ಕೈಯಲ್ಲಿ ಬರೆಸಿ, ಇಬ್ಬರು ಸಾಕ್ಷಿಗಳ ಎದುರು ರುಜು ಮಾಡಿ, 2003ರಲ್ಲಿ ಶಿವಮೊಗ್ಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದ್ದರು. ಆದರೂ 2021ರಲ್ಲಿ ಅವರು ತೀರಿಕೊಂಡ ಮೇಲೆ ಆಸ್ತಿ ಅವರು ಬಯಸಿದ ಹಾಗೆ ಮಕ್ಕಳಿಗೆ ಸೇರಲಿಲ್ಲ. ಅದಕ್ಕೆ ಮುಖ್ಯ ಕಾರಣ ನಾನು. ಬೇರೆ ಯಾರಾದರೂ ನನ್ನ ಹಾಗೆ ಸುಮ್ಮನೆ ಕೂತಿದ್ದರೆ ಇದನ್ನು ಓದಿ ಎದ್ದಾರು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಅಪ್ಪಯ್ಯ ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಹೆಡ್‌ಮೇಷ್ಟ್ರಾಗಿ ನಿವೃತ್ತರಾದವರು. ಅವರಿಗೆ ಇದ್ದದ್ದು ಮೂರು ಸ್ವತ್ತು: ಮುತ್ತಜ್ಜನ ಕಾಲದಿಂದ ಬಂದ ಅಡಿಕೆ ತೋಟ, ಶಿವಮೊಗ್ಗದಲ್ಲಿ ಸಾಲ ಮಾಡಿ ಕಟ್ಟಿದ ಮನೆ, ಪಿಎಫ್ ಹಣದಲ್ಲಿ ಕೊಂಡ 30×40ರ ನಿವೇಶನ. ತೋಟ ನನ್ನ ತಮ್ಮನಿಗೆ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವುದರಿಂದ ಹಿಡಿದು ಕೊನೆ ತೆಗೆಸಿ, ಸುಲಿಸಿ, ಬೇಯಿಸಿ, ಮಂಡಿಗೆ ಮುಟ್ಟಿಸುವವರೆಗೆ ಅಲ್ಲಿ ಜೀವ ತೇಯ್ದವನು ಅವನೇ. ಅಪ್ಪಯ್ಯ ಮತ್ತು ಅಮ್ಮ ನನ್ನ ಜೊತೆಗಿದ್ದುದರಿಂದ ಮನೆ ನನಗೆ. ನಿವೇಶನ ತಂಗಿಗೆ. ಉಯಿಲಿನ ಎರಡನೇ ಪುಟದಲ್ಲಿ ನಿವೇಶನದ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲ ಬರೆದಾದ ಮೇಲೆ ಅಪ್ಪಯ್ಯ ವಕೀಲರಿಗೆ ಹೇಳಿ ಒಂದು ವಾಕ್ಯ ಸೇರಿಸಿದ್ದರು: "ಇದು ನನ್ನ ಮಗಳಿಗೆ ನಾನು ಕೊಡುತ್ತಿರುವ ಪಾಲು, ಅವಳ ಮದುವೆಗೆ ಮಾಡಿದ ಖರ್ಚನ್ನು ಯಾರೂ ಇದರಲ್ಲಿ ಕಳೆಯತಕ್ಕದ್ದಲ್ಲ." ಇಂಥ ಮಾತಿಗೆ ಕಾನೂನಿನ ಅಗತ್ಯವೇನೂ ಇಲ್ಲ ಎಂದು ವಕೀಲರು ಹೇಳಿದರೂ ಅವರು ಕೇಳಲಿಲ್ಲ. ಗಂಡುಮಕ್ಕಳ ಬಾಯಲ್ಲಿ ಮುಂದೆ ಯಾವ ಮಾತು ಬಂದೀತು ಎಂದು ಅವರಿಗೆ ಗೊತ್ತಿತ್ತು.

ಉಯಿಲು ಕೈಗೆ ಕೊಡುವಾಗ ವಕೀಲರು ಅಪ್ಪಯ್ಯನಿಗೆ ಎರಡು ಮಾತು ಹೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. "ಮೇಷ್ಟ್ರೇ, ಮನೆ ಮತ್ತು ಸೈಟು ನಿಮ್ಮ ಸ್ವಯಾರ್ಜಿತ, ಯಾರಿಗೆ ಬೇಕಾದರೂ ಬರೆಯಬಹುದು. ತೋಟ ಪಿತ್ರಾರ್ಜಿತ. ಅದರಲ್ಲಿ ನಿಮ್ಮ ಪಾಲಿಗೆ ಬರುವಷ್ಟನ್ನು ಮಾತ್ರ ಉಯಿಲಿನಲ್ಲಿ ಕೊಡಲು ಸಾಧ್ಯ. ತೋಟ ಪೂರ್ತಿ ಚಿಕ್ಕವರಿಗೇ ಆಗಬೇಕು ಅಂದ್ರೆ ನೀವು ಮೂವರೂ ಕೂತು ಒಂದು ವಿಭಾಗ ಪತ್ರ ಮಾಡಿ ರಿಜಿಸ್ಟರ್ ಮಾಡಿಸಿಬಿಡಿ." ಇದು ಮೊದಲನೆಯದು. ಎರಡನೆಯದು: "ಇದರಲ್ಲಿ ಬರೆದಿರೋ ಯಾವುದಾದರೂ ಸ್ವತ್ತು ಮಾರಿದರೆ, ಹೊಸದು ಕೊಂಡರೆ, ಮನೆಯಲ್ಲಿ ಸಾವು, ಮದುವೆ ಏನೇ ಆದರೂ ಇದನ್ನ ತಗೊಂಡು ಇಲ್ಲಿಗೆ ಬನ್ನಿ."

ಅಪ್ಪಯ್ಯ ನನ್ನ ಕಡೆ ನೋಡಿದರು. "ಇವನು ಬ್ಯಾಂಕಲ್ಲಿರೋನು, ಇವನೇ ನೋಡ್ಕಳ್ತಾನೆ" ಎಂದರು.

ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಜನರಿಗೆ ನಾಮಿನಿ ಫಾರಂ ತುಂಬಿಸುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ತೀರಿಕೊಂಡವರ ಖಾತೆಗಾಗಿ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಬರುವವರನ್ನು ನೋಡಿ ನೋಡಿ, ಈ ವಿಷಯವೆಲ್ಲ ನನಗೆ ಗೊತ್ತು ಎಂಬ ಭಾವನೆ ಬೆಳೆದಿತ್ತು. ವಿಭಾಗ ಪತ್ರದ ಮಾತನ್ನು ಆ ವರ್ಷ ಮುಂದೂಡಿದೆ. ತಮ್ಮನಿಗೆ ನನ್ನ ಪಾಲು ಬಿಟ್ಟುಕೊಡಲು ನನ್ನ ತಕರಾರೇನೂ ಇರಲಿಲ್ಲ. ಆದರೆ ಈಗಲೇ ಯಾಕೆ ಎನಿಸಿತು. ಅಪ್ಪಯ್ಯ ಗಟ್ಟಿಮುಟ್ಟಾಗಿದ್ದಾರೆ, ಅವರಿರುವಾಗಲೇ ಪಾಲು ಎಂದರೆ ಊರವರು ಏನೆಂದಾರು? ಮಾಡಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಕಾನೂನೇ ಬದಲಾಯಿತು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನನ್ನ ತಂಗಿಯ ಮದುವೆ 1991ರಲ್ಲಿ ಆಗಿತ್ತು. 2003ರಲ್ಲಿ ವಕೀಲರು "ನೀವು ಮೂವರೂ" ಎಂದದ್ದು ಆ ಲೆಕ್ಕದಲ್ಲೇ. 2005ರ ಸೆಪ್ಟೆಂಬರ್ 9ರಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಕೇಂದ್ರ ತಿದ್ದುಪಡಿ ಜಾರಿಗೆ ಬಂದು, ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳಾದಳು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲುಗಳನ್ನು ಮಾತ್ರ ಆ ಕಾಯ್ದೆ ಮುಟ್ಟಲಿಲ್ಲ. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲೇಬೇಕೆಂದೂ ಇಲ್ಲ ಎಂದು ಹೇಳಿ ಉಳಿದಿದ್ದ ಗೊಂದಲವನ್ನೂ ತೀರಿಸಿತು. ನಮ್ಮ ಅಪ್ಪಯ್ಯ ಅಂತೂ 2005ರಲ್ಲಿ ಬದುಕಿಯೇ ಇದ್ದರು. ತಂಗಿಯ ಹಕ್ಕಿನ ಬಗ್ಗೆ ವಾದಕ್ಕೆ ಜಾಗವೇ ಇರಲಿಲ್ಲ.

ಆ ಕಾನೂನು ಬಂದದ್ದು ನ್ಯಾಯವೇ. ತಡವಾಗಿ ಬಂತು ಎನ್ನುವವನು ನಾನು. ಆದರೆ ಅಪ್ಪಯ್ಯ ಮೂವರಿಗೂ ತೂಗಿಸಿ ಮಾಡಿದ ಹಂಚಿಕೆಯ ಒಂದು ಕಂಬ 2005ರಲ್ಲಿ ಜರುಗಿತ್ತು. ಆಗಲೇ ಮತ್ತೆ ವಕೀಲರ ಹತ್ತಿರ ಹೋಗಿ, ತಂಗಿಯನ್ನೂ ಕೂರಿಸಿಕೊಂಡು ಹೊಸದಾಗಿ ಲೆಕ್ಕ ಹಾಕಬೇಕಿತ್ತು. ಪತ್ರಿಕೆಗಳಲ್ಲಿ ಆ ಸುದ್ದಿ ಓದಿದ್ದೆ. ಬ್ಯಾಂಕಿನಲ್ಲಿ ಅದರ ಬಗ್ಗೆ ಚರ್ಚೆಯನ್ನೂ ಮಾಡಿದ್ದೆ. ನಮ್ಮ ಮನೆಯ ಬೀರುವಿನಲ್ಲಿದ್ದ ಕಾಗದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ.

ಎರಡನೇ ಕಂಬವನ್ನು ನಾವೇ ಕಿತ್ತೆವು. 2011ರಲ್ಲಿ ಅಮ್ಮನ ಕಾಯಿಲೆಗೆ ದೊಡ್ಡ ಮೊತ್ತ ಬೇಕಾಯಿತು. ಅದೇ ಹೊತ್ತಿಗೆ ನಿವೇಶನಕ್ಕೆ ಒಳ್ಳೆಯ ಬೆಲೆಯೂ ಬಂತು. ಅಪ್ಪಯ್ಯ ಮಾರಿದರು. ಕ್ರಯಪತ್ರಕ್ಕೆ ಅವರು ರುಜು ಹಾಕುವಾಗ ನಾನು ಹತ್ತಿರವೇ ನಿಂತಿದ್ದೆ. ಚಿಕಿತ್ಸೆಗೆ ಬೇಕಾದ್ದು ಹೋಗಿ ಉಳಿದ ಹಣವನ್ನು ಠೇವಣಿ ಇಟ್ಟೆವು. ಅಪ್ಪಯ್ಯನ ಹೆಸರು ಮೊದಲು, ನನ್ನದು ಎರಡನೆಯದು, ಇಬ್ಬರಲ್ಲಿ ಯಾರು ಉಳಿದರೂ ಅವರಿಗೆ ಹಣ ಸಿಗುವ ಹಾಗೆ. ಆ ಕಟ್ಟಳೆ ಬರೆದವನೂ ನಾನೇ. ಮನೆಗೆ ಬರುವಾಗ ಅಪ್ಪಯ್ಯ ಆಟೋದಲ್ಲಿ ಅಂದರು: "ಅದು ತಂಗೀದು. ನೆನಪಿರ್ಲಿ. ಉಯಿಲು ಸರಿ ಮಾಡಿಸ್ಬೇಕು."

"ಮಾಡ್ಸಣ ಅಪ್ಪಯ್ಯ" ಅಂದೆ.

ಮಾಡಿಸಲಿಲ್ಲ. ಒಂದು ಪುಟದ ತಿದ್ದುಪಡಿ ಉಯಿಲು ಸಾಕಾಗಿತ್ತು. ಮೂಲ ಉಯಿಲಿಗೆ ಸೇರಿಸಿ ಬರೆಯುವ ಅದನ್ನು ವಕೀಲರು ಕೋಡಿಸಿಲ್ ಅನ್ನುತ್ತಾರೆ, ಅದಕ್ಕೂ ಇಬ್ಬರು ಸಾಕ್ಷಿ ಬೇಕು. ಉಯಿಲಿಗೆ ಮುದ್ರಾಂಕ ಶುಲ್ಕವೂ ಇಲ್ಲ. ಅಪ್ಪಯ್ಯ ಆಮೇಲೂ ಕೆಲವು ಸಲ ನೆನಪಿಸಿದರು. ಮೊದಮೊದಲು ಅಮ್ಮನ ಆರೋಗ್ಯದ ನೆಪ ಹೇಳಿದೆ. ಅಮ್ಮ ಹೋದ ಮೇಲೆ, ಈಗ ಸಾವಿನ ಮಾತು ಬೇಡ ಅಂದೆ. ಕಡೆಕಡೆಗೆ ಅವರಿಗೆ ಮರೆವು ಶುರುವಾಯಿತು. ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಬರೆದ ಉಯಿಲು ನಿಲ್ಲುವುದಿಲ್ಲ, ಹಾಗಾಗಿ ಆ ಬಾಗಿಲೂ ಮುಚ್ಚಿತು.

ನೆಪಗಳ ಹಿಂದೆ ಇನ್ನೊಂದಿತ್ತು. ಅದನ್ನು ನನ್ನ ಹೆಂಡತಿಯ ಹತ್ತಿರವೂ ಹೇಳಿಕೊಳ್ಳಲು ಬಹಳ ಕಾಲ ಹಿಡಿಯಿತು. ತಡವಾದಷ್ಟೂ ನನಗೆ ಲಾಭವಿತ್ತು. ಠೇವಣಿಯಲ್ಲಿ ಎರಡನೇ ಹೆಸರು ನನ್ನದು. ಹಾಗೆಂದು ನಾನು ಹೂಡಿದ್ದು ಸಂಚಲ್ಲ, ತಂಗಿಗೆ ಮೋಸ ಮಾಡಬೇಕೆಂದು ಯಾವತ್ತೂ ಕೂತು ಯೋಚಿಸಿದವನಲ್ಲ. ಆದರೆ ನನಗೆ ನಷ್ಟವಾಗುವ ಹಾಗಿದ್ದಿದ್ದರೆ ಆ ಕಾಗದವನ್ನು ಮಾರನೆಯ ದಿನವೇ ಸರಿಪಡಿಸುತ್ತಿದ್ದೆ ಎಂಬುದು ನನ್ನ ಮನಸ್ಸಿಗೆ ಗೊತ್ತು.

ಅಪ್ಪಯ್ಯ ಹೋದ ಮೇಲೆ ಬ್ಯಾಂಕಿನವರು ಮರಣ ಪ್ರಮಾಣಪತ್ರ ನೋಡಿ ಠೇವಣಿ ಹಣವನ್ನು ನನ್ನ ಖಾತೆಗೆ ಹಾಕಿದರು. ಬ್ಯಾಂಕಿನ ಮಟ್ಟಿಗೆ ಅದು ಸರಿ. ಆದರೆ ಹಣ ಕೈಗೆ ಬಂದ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ. ನಾಮಿನಿಯಾದವನು ವಾರಸುದಾರರ ಪರವಾಗಿ ಹಣ ಪಡೆಯುವವನೇ ಹೊರತು ಒಡೆಯನಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಸರ್ಬತಿ ದೇವಿ ಪ್ರಕರಣದಲ್ಲಿ ಜೀವವಿಮೆಯ ಬಗ್ಗೆ ಹೇಳಿತ್ತು. 2023ರಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಷೇರುಗಳ ಬಗ್ಗೆಯೂ ಅದನ್ನೇ ಹೇಳಿತು. ವಿಮೆಯಲ್ಲಿ 2015ರ ತಿದ್ದುಪಡಿಯ ನಂತರ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ನಿಯಮ ಬೇರೆ. ಜಂಟಿ ಖಾತೆಯಲ್ಲಿ ಉಳಿದವನಿಗೂ ಸ್ಥೂಲವಾಗಿ ಇದೇ ಮಾತು: ಬ್ಯಾಂಕು ಕೈತೊಳೆದುಕೊಳ್ಳಲು ಅವನಿಗೆ ಹಣ ಕೊಡುತ್ತದೆ, ಒಡೆತನದ ಪ್ರಶ್ನೆ ಬೇರೆಯೇ ಉಳಿಯುತ್ತದೆ. ಈ ಪಾಠವನ್ನು ಗಿರಾಕಿಗಳಿಗೆ ನಾನೇ ಹೇಳಿಕೊಡುತ್ತಿದ್ದೆ. ಆದರೂ ಆ ಹಣವನ್ನು ತಿಂಗಳುಗಟ್ಟಲೆ ನನ್ನ ಖಾತೆಯಲ್ಲೇ ಇಟ್ಟುಕೊಂಡೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಉಯಿಲು ತೆಗೆದೆವು. ತಂಗಿ ಎರಡನೇ ಪುಟವನ್ನು ಓದಿದಳು, ಮತ್ತೆ ಓದಿದಳು. ಅವಳಿಗೆ ಕೊಟ್ಟದ್ದೆಂದು ಬರೆದ ನಿವೇಶನದಲ್ಲಿ ಆಗಲೇ ಬೇರೆಯವರ ಎರಡು ಅಂತಸ್ತಿನ ಮನೆ ಎದ್ದಿತ್ತು.

"ಅಣ್ಣಯ್ಯ, ಹಂಗಾದ್ರೆ ಅಪ್ಪಯ್ಯ ನಂಗೆ ಏನೂ ಬರೀಲಿಲ್ವಾ?"

ಆಗ ನಾನು ಆಟೋದಲ್ಲಿ ಅಪ್ಪಯ್ಯ ಹೇಳಿದ ಮಾತನ್ನು ಹೇಳಬೇಕಿತ್ತು. ಹೇಳಲಿಲ್ಲ. "ಠೇವಣಿ ಇದೆ, ಕಾನೂನು ಪ್ರಕಾರ ಮೂವರಿಗೂ ಸಮ ಬರುತ್ತೆ" ಅಂದೆ. ಕಾನೂನು ಹೇಳುವುದೂ ಅದನ್ನೇ. ಉಯಿಲಿನಲ್ಲಿ ಹೆಸರಿಸಿ ಕೊಟ್ಟ ಸ್ವತ್ತು ಬರೆದವರು ಸಾಯುವ ಹೊತ್ತಿಗೆ ಅವರದಾಗಿ ಉಳಿದಿರದಿದ್ದರೆ, ಅಥವಾ ಬೇರೆ ಬಗೆಯ ಆಸ್ತಿಯಾಗಿ ಮಾರ್ಪಟ್ಟಿದ್ದರೆ, ಆ ಕೊಡುಗೆ ರದ್ದಾಗುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 152ನೇ ಕಲಮಿನ ಮಾತಿದು. ಸೈಟು ಮಾರಿದ ಹಣ ಸೈಟಿನ ಜಾಗಕ್ಕೆ ತಾನಾಗಿ ಬಂದು ನಿಲ್ಲುವುದಿಲ್ಲ. "ಮೇಲೆ ಹೇಳದೆ ಉಳಿದ ನನ್ನ ಎಲ್ಲ ಆಸ್ತಿ ಇಂಥವರಿಗೆ" ಎಂಬ ಒಂದು ಸಾಲೂ ನಮ್ಮ ಉಯಿಲಿನಲ್ಲಿ ಇರಲಿಲ್ಲ. ಹಾಗಾಗಿ ಆ ಹಣಕ್ಕೆ ಉಯಿಲೇ ಇಲ್ಲದಂತಾಗಿ, ಮೂವರು ಮಕ್ಕಳಿಗೂ ಸಮಪಾಲು. ಮೂರರಲ್ಲೊಂದನ್ನು ತಂಗಿಗೆ ಕಳಿಸಿದೆ. ಲೆಕ್ಕ ಪೈಸೆ ಪೈಸೆಗೂ ಸರಿಯಿತ್ತು. ಅವಳು ಆ ನಂತರ ನನ್ನ ಫೋನು ತೆಗೆಯಲಿಲ್ಲ.

ಮುಂದೆ ಬಂದದ್ದು ವಕೀಲರ ನೋಟಿಸು. ತೋಟದಲ್ಲಿ ಅವಳ ಕಾಲುಪಾಲು ಕೇಳಿತ್ತು. ಅಪ್ಪಯ್ಯ, ನಾನು, ತಮ್ಮ, ತಂಗಿ ಎಂದು ನಾಲ್ಕು ಪಾಲು. ಉಯಿಲಿನಿಂದ ತಮ್ಮನಿಗೆ ಬರುವುದು ಅಪ್ಪಯ್ಯನ ಒಂದು ಪಾಲು ಮಾತ್ರ, ಅವನದೇ ಸೇರಿಸಿದರೆ ಅರ್ಧ ತೋಟ. ಸಾಲ ತೆಗೆದು ಬೋರು ಕೊರೆಸಿ, ಹೊಸ ಸಸಿ ಹಾಕಿ, ಇಡೀ ತೋಟವನ್ನು ತನ್ನದೆಂದು ಸಾಕಿದವನ ಕೈಗೆ ಅರ್ಧ. ಅವನು ಉಯಿಲು ಹಿಡಿದು ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಗೆ ಹೋದ. ತಂಗಿಯ ತಕರಾರು ಅರ್ಜಿ ಮೊದಲೇ ಅಲ್ಲಿತ್ತು. ತಕರಾರಿರುವ ಉಯಿಲನ್ನು ತೀರ್ಮಾನಿಸುವುದು ತಹಶೀಲ್ದಾರರ ಕೆಲಸವಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಎಂದರು. ಪಹಣಿಯಲ್ಲಿ ತೀರಿಕೊಂಡ ಅಪ್ಪಯ್ಯನ ಹೆಸರೇ ಉಳಿಯಿತು, ಅದರ ಮೇಲೆ ಬೆಳೆಸಾಲವೂ ಹುಟ್ಟಲಿಲ್ಲ. ತಮ್ಮ ನನ್ನ ಮನೆಯ ಜಗಲಿ ಮೇಲೆ ಕೂತು, "ಅವತ್ತು ಪಾಲು ಪತ್ರ ಮಾಡಣ ಅಂದ್ರೆ ನೀನೇ ಬ್ಯಾಡ ಅಂದಿದ್ದು" ಎಂದ. ಅದೂ ನಿಜ.

ಪಾಲಿನ ದಾವೆ ಕೋರ್ಟಿಗೆ ಬಂದಾಗ ಉಯಿಲನ್ನೇ ರುಜುವಾತು ಮಾಡಬೇಕಾಯಿತು. ನೋಂದಣಿಯಾಗಿದ್ದರೆ ಮುಗಿಯಿತು ಎಂದು ನಾವು ತಿಳಿದಿದ್ದೆವು. ಇಲ್ಲ. ಸಾಕ್ಷಿ ಹಾಕಿದವರಲ್ಲಿ ಬದುಕಿರುವವರು ಒಬ್ಬರಾದರೂ ಬಂದು, ಬರೆದವರು ರುಜು ಮಾಡಿದ್ದನ್ನು ಕಂಡೆ ಎಂದು ಹೇಳಬೇಕು. ಅಪ್ಪಯ್ಯನ ಸಾಕ್ಷಿಗಳಿಬ್ಬರೂ ಅವರ ಓರಗೆಯ ಮೇಷ್ಟ್ರುಗಳು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು, ಕಿವಿ ಕೇಳುತ್ತಿರಲಿಲ್ಲ. ಸಾಕ್ಷಿಗಳನ್ನು ಆರಿಸುವಾಗ ಬರೆಯುವವರಿಗಿಂತ ಚಿಕ್ಕವರನ್ನು, ಎಲ್ಲಿದ್ದಾರೆಂದು ಗೊತ್ತಿರುವವರನ್ನು ಆರಿಸಬೇಕು ಎಂದು ಆಗ ಅರ್ಥವಾಯಿತು. ತಂಗಿಯ ವಕೀಲರು ಇನ್ನೊಂದು ಪ್ರಶ್ನೆ ಎತ್ತಿದರು: ಉಯಿಲಿನಿಂದ ಮನೆ ಪಡೆದ ಮಗನೇ ತಂದೆಯನ್ನು ಕರೆದುಕೊಂಡು ಹೋಗಿ, ಫೀಸು ಕೊಟ್ಟು, ಪಕ್ಕದಲ್ಲಿ ಕೂತು ಬರೆಸಿದನಲ್ಲ? ಈ ಅನುಮಾನಕ್ಕೆ ಹಳೆಯ ಬೇರಿದೆ. ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಿನ ಮೊಕದ್ದಮೆಯಲ್ಲಿ, 1958ರಷ್ಟು ಹಿಂದೆಯೇ, ಉಯಿಲನ್ನು ಮುಂದಿಡುವವನೇ ಅದರ ಸುತ್ತಲ ಅನುಮಾನಗಳನ್ನು ತೊಡೆದು ನ್ಯಾಯಾಲಯದ ಮನಸ್ಸಾಕ್ಷಿಗೆ ಸಮಾಧಾನ ತರಬೇಕು ಎಂದು ತೀರ್ಪಾಗಿದೆ. ಉಯಿಲಿನ ದಾವೆಗಳಲ್ಲಿ ದೇಶದ ಎಲ್ಲೆಡೆ ಇಂದಿಗೂ ಅದನ್ನು ಎತ್ತಿ ಹೇಳುತ್ತಾರೆ. ನಾನು ಆ ದಿನ ಕೋಣೆಯ ಹೊರಗೆ ಕೂತಿದ್ದರೆ ಸಾಕಿತ್ತು.

ದಾವೆ ಕೊನೆತನಕ ನಡೆಯಲಿಲ್ಲ. ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿ ಒಂದೇ ಮೇಜಿನ ಸುತ್ತ ಮೂವರೂ ಕೂತಾಗ, ಆಟೋದಲ್ಲಿ ಅಪ್ಪಯ್ಯ ಹೇಳಿದ್ದನ್ನು ತಂಗಿಗೆ ಹೇಳಿದೆ. ಅವಳು ಅತ್ತಳು, ಆಮೇಲೆ ಸಿಟ್ಟಾದಳು. "ಇದನ್ನ ಅವತ್ತೇ ಹೇಳಿದ್ರೆ ನಾನು ತೋಟದ ಸುದ್ದಿಗೇ ಬರ್ತಿರ್ಲಿಲ್ಲ" ಅಂದಳು. ಠೇವಣಿಯ ಪೂರ್ತಿ ಹಣ ಅವಳಿಗೆ ಎಂದಾಯಿತು, ತಮ್ಮನ ಪಾಲಿನದನ್ನೂ ಸೇರಿಸಿ. ಅಮ್ಮನ ಚಿಕಿತ್ಸೆಗೆ ಹೋದ ಮೊತ್ತವನ್ನು ಮನೆ ಪಡೆದ ನಾನು ತುಂಬಿಕೊಟ್ಟೆ. ಅವಳೂ ನಾನೂ ತೋಟದಲ್ಲಿ ನಮ್ಮ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟೆವು. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿಯ ಆದೇಶಕ್ಕೆ ಕೋರ್ಟಿನ ಡಿಕ್ರಿಯ ಬಲವೇ ಇದೆ, ಅದರ ಮೇಲೆ ಅಪೀಲೂ ಇಲ್ಲ. ಆಸ್ತಿ ಅಪ್ಪಯ್ಯ ಬಯಸಿದ ದಾರಿಗೆ ಹೆಚ್ಚುಕಡಿಮೆ ಬಂದು ಸೇರಿತು. ತಮ್ಮ ಈಗ ಮಾತಾಡುತ್ತಾನೆ. ತಂಗಿ ಶ್ರಾದ್ಧಕ್ಕೆ ಬರುತ್ತಾಳೆ, ಊಟ ಮಾಡಿ ಹೊರಟುಬಿಡುತ್ತಾಳೆ.

ನಾನು ನಿವೃತ್ತನಾದ ಮೇಲೆ ನನ್ನದೂ ನನ್ನ ಹೆಂಡತಿಯದೂ ಬೇರೆ ಬೇರೆ ಉಯಿಲು ಮಾಡಿಸಿದೆ. ಹೆಂಗಸರ ಉಯಿಲಿನ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸುವುದೇ ಇಲ್ಲ. ಮಕ್ಕಳೂ ಗಂಡನೂ ಇಲ್ಲದ ಹಿಂದೂ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ, ಅವಳು ಸ್ವಂತ ದುಡಿದು ಗಳಿಸಿದ್ದು ಹೆತ್ತ ತಾಯಿಗಿಂತ ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮು ಇದು. ಕಾಲೇಜಿನಲ್ಲಿ ಪಾಠ ಮಾಡಿ ಮನೆ ಕಟ್ಟಿದ ನನ್ನ ನಾದಿನಿಗೆ ಇದನ್ನು ಹೇಳಿದಾಗ ಅವಳು ಆ ವಾರವೇ ವಕೀಲರನ್ನು ಕಂಡಳು.

ಈ ಸಲ ನಾನು ವಕೀಲರಿಗೆ ಮೊದಲು ಕೊಟ್ಟದ್ದು ಒಂದು ಪಟ್ಟಿ. ಮನೆಯ ಮೂಲಪತ್ರ, ಖಾತೆ, ಠೇವಣಿ, ಮ್ಯೂಚುವಲ್ ಫಂಡು, ವಿಮೆ, ಲಾಕರು, ಕೊಟ್ಟ ಕೈಸಾಲ, ತೆಗೆದ ಸಾಲ, ಎಲ್ಲೆಲ್ಲಿ ಯಾರು ನಾಮಿನಿ. ಪಟ್ಟಿ ಮಾಡುವಾಗ ಒಂದು ಹಳೆಯ ಖಾತೆಯಲ್ಲಿ ಅಮ್ಮನ ಹೆಸರೇ ನಾಮಿನಿಯಾಗಿ ಉಳಿದಿದ್ದು ಕಂಡಿತು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಿ, ಯಾರಿಗೆ ಎಷ್ಟು ಭಾಗ ಎಂದು ಬರೆಯಲು ಬರುತ್ತದೆ. ನಾಮಿನಿಗಳು ಉಯಿಲಿಗೆ ಹೊಂದುವ ಹಾಗೆ ಎಲ್ಲವನ್ನೂ ತಿದ್ದಿಸಿದೆ. ಉಯಿಲಿನಲ್ಲಿ, ಈ ಮನೆ ಮಾರಿದ್ದರೆ ಆ ಹಣ ಅಥವಾ ಅದರಿಂದ ಕೊಂಡದ್ದು ಯಾರಿಗೆ, ನನಗಿಂತ ಮೊದಲು ಮಗಳೋ ಮಗನೋ ಹೋದರೆ ಅವರ ಪಾಲು ಯಾರಿಗೆ ಎಂದೆಲ್ಲ ವಕೀಲರು ಬರೆದರು. ಹೆಸರಿಸದೆ ಉಳಿದದ್ದಕ್ಕೂ ಒಂದು ಸಾಲು ಹಾಕಿದರು. ಉಯಿಲನ್ನು ನಡೆಸಿಕೊಡುವ ಹೊಣೆಯನ್ನು ಮಕ್ಕಳಿಗೆ ಬಿಡದೆ ನನಗಿಂತ ಕಿರಿಯ ಸ್ನೇಹಿತರೊಬ್ಬರಿಗೆ ಕೇಳಿ ಒಪ್ಪಿಸಿದೆ. ಬರೆಸುವ ದಿನ ಮಕ್ಕಳನ್ನು ಕರೆದೊಯ್ಯಲಿಲ್ಲ. ಮುಗಿದ ಮೇಲೆ ಇಬ್ಬರನ್ನೂ ಕೂರಿಸಿ ಪೂರ್ತಿ ಓದಿ ಹೇಳಿದೆ, ಯಾಕೆ ಹೀಗೆ ಎಂಬುದನ್ನೂ ಹೇಳಿದೆ. ಮಗನಿಗೆ ಒಂದು ಕಡೆ ಬೇಸರವಾಯಿತು. ಅದನ್ನು ಅವನು ನನ್ನ ಎದುರೇ ಹೇಳಿದ, ನಾನು ಉತ್ತರ ಕೊಟ್ಟೆ.

ನೋಂದಾಯಿಸಿದ ಉಯಿಲು ರಿಜಿಸ್ಟ್ರಾರ್ ಕಚೇರಿಯ 3ನೇ ಪುಸ್ತಕಕ್ಕೆ ಸೇರುತ್ತದೆ, ಸ್ವತ್ತಿನ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿದರೆ ಅದರಲ್ಲಿ ಕಾಣುವುದಿಲ್ಲ. ಬರೆದವರು ಬದುಕಿರುವವರೆಗೆ ನಕಲು ಬೇರೆಯವರಿಗೆ ಸಿಗುವುದೂ ಇಲ್ಲ. ಆದ್ದರಿಂದ ನಂಬರು, ವರ್ಷ, ಯಾವ ಕಚೇರಿ ಎಂಬುದನ್ನು ಇಬ್ಬರಿಗೂ ಬರೆದುಕೊಟ್ಟಿದ್ದೇನೆ. ಪ್ರತಿ ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಹೇಗೂ ಕಾಗದಗಳೆಲ್ಲ ಹೊರಗೆ ಬರುತ್ತವೆ. ಉಯಿಲನ್ನೂ ಆಗಲೇ ತೆಗೆದು ಆ ಪಟ್ಟಿಯ ಪಕ್ಕದಲ್ಲಿಟ್ಟು ಓದುತ್ತೇನೆ.

ಈ ವರ್ಷ ಓದುವಾಗ ನಾಲ್ಕನೇ ಪ್ಯಾರಾ ತಪ್ಪಾಗಿರುವುದು ಕಂಡಿತು. ಮಗಳಿಗೆಂದು ಬರೆದ ಠೇವಣಿಯ ಅವಧಿ ಮುಗಿದು ಹಣ ಬೇರೆ ಬ್ಯಾಂಕಿಗೆ ಹೋಗಿದೆ, ನಂಬರು ಹಳೆಯದೇ ಉಳಿದಿದೆ. ವಕೀಲರಿಗೆ ಫೋನು ಮಾಡಿದೆ. ಗುರುವಾರ ಬನ್ನಿ, ಇಬ್ಬರು ಸಾಕ್ಷಿಗಳೂ ಆಧಾರ್ ತರಲಿ ಎಂದಿದ್ದಾರೆ.